ಸನ್ನಾಹವೂ ಪ್ರಯಾಣವೂ

ಸಾಧನವು ಸಾಧ್ಯಕ್ಕಾಗಿ ಹುಟ್ಟಿದುದು. ಆದರೆ ಸಾಧನವನ್ನು ಸಂಪಾದಿಸುವ ಶ್ರಮದಲ್ಲಿಯೇ ಸಾಧ್ಯವು ಮರೆತುಹೋಗುವುದು ಲೋಕದಲ್ಲಿ ಅಪರೂಪವಲ್ಲ. ದಾರಿಯಿಲ್ಲದ ಕಾಡು, ಬೆಟ್ಟ, ಮರುಭೂಮಿಗಳಲ್ಲಿ ಸ್ವಂತ ಮೋಟಾರನ್ನು ನಡೆಸಿ, ಅಲ್ಲಿಯೇ ಡೇರೆ ಹೊಡೆದು ತಂಗುವ ಹವ್ಯಾಸದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಕೆಲವರು ವಾಹನಕ್ಕೆ ದೊಡ್ಡ ಚಕ್ರ, ಮಾಡಿನ ಮೇಲಿನ ಡೇರೆ, ಎರಡನೆಯ ಬ್ಯಾಟರಿ, ತಂಪುಪೆಟ್ಟಿಗೆ ಎಂದು ಒಂದೊಂದನ್ನೇ ಕೂಡಿಸುತ್ತ ವರ್ಷಗಳನ್ನು ಕಳೆಯುತ್ತಾರೆ. ವಾಹನವು ಷೆಡ್ಡಿನಲ್ಲಿಯೇ ನಿಂತಿರುತ್ತದೆ. ಹೊರಡುವ ದಿನ ಮಾತ್ರ ಬರುವುದಿಲ್ಲ.

ಸನ್ನಾಹವಿಲ್ಲದೆ ಹೊರಡುವುದು ಅವಿವೇಕವೆಂಬ ಪೂರ್ವಪಕ್ಷವುಂಟು. ಅದು ಸುಳ್ಳಲ್ಲ. ನೀರಿಲ್ಲದ ಮರಳಿನಲ್ಲಿ ಒಂದು ಅಚ್ಚು ಮುರಿದರೆ ಪ್ರಾಣಕ್ಕೇ ಅಪಾಯ; ಜೊತೆಗೆ ಬಂದವರ ಪ್ರಾಣಕ್ಕೂ ಕರೆದೊಯ್ದವನೇ ಹೊಣೆ. ಹಾಗಾದರೆ ಸನ್ನಾಹವು ಎಷ್ಟಿರಬೇಕು? ಅದನ್ನು ಅಳೆಯುವ ಪ್ರಮಾಣವಾವುದು?

ಮೀಮಾಂಸಾಶಾಸ್ತ್ರವು ಅಂಗವೆಂದೂ ಪ್ರಧಾನವೆಂದೂ ಕರ್ಮವನ್ನು ವಿಭಾಗಿಸುತ್ತದೆ. ದರ್ಶಪೂರ್ಣಮಾಸದಲ್ಲಿ ಪ್ರಯಾಜಗಳು ಅಂಗಗಳು. ಅವುಗಳನ್ನು ಬಿಟ್ಟರೆ ಯಾಗವು ಕೆಡುತ್ತದೆ. ಪ್ರಧಾನವನ್ನು ಬಿಟ್ಟು ಅವುಗಳನ್ನಷ್ಟೇ ಆಚರಿಸಿದರೆ ಫಲವಿಲ್ಲ. ಪ್ರಧಾನದ ಆಕಾಂಕ್ಷೆಯೇ ಅಂಗಗಳನ್ನು ಬರಮಾಡಿಕೊಳ್ಳುತ್ತದೆ.

ಈ ನ್ಯಾಯಕ್ಕೆ ರಾಲ್ಫ್ ಬ್ಯಾಗ್ನೋಲ್ಡನ ಚರಿತ್ರೆಯು ಒಳ್ಳೆಯ ದೃಷ್ಟಾಂತ. ಈಜಿಪ್ಟಿನಲ್ಲಿ ಸೇವೆ ಮಾಡಿದ್ದ ಈ ಬ್ರಿಟಿಷ್ ಸೇನಾಧಿಕಾರಿಯು 1920ರ ದಶಕದ ಕೊನೆಯಿಂದ 1932ರವರೆಗೆ ಗೆಳೆಯರೊಡನೆ ಫೋರ್ಡ್ ಮೋಟಾರುಗಳಲ್ಲಿ ಲಿಬಿಯಾ ಮರುಭೂಮಿಯನ್ನು ಸಂಚರಿಸಿದನು. ಭಾರವನ್ನು ತಗ್ಗಿಸಲು ವಾಹನದ ಮೇಲ್ಕಟ್ಟನ್ನು ತೆಗೆದು ಹಗುರವಾದ ಮರದ ಪೆಟ್ಟಿಗೆಯನ್ನು ಕೂರಿಸಿದನು. ಯಂತ್ರವು ಕುದಿದು ನೀರು ಹಾರಿಹೋಗುತ್ತಿದ್ದುದರಿಂದ ಆ ಆವಿಯನ್ನು ಹಿಡಿದು ಮತ್ತೆ ನೀರಾಗಿಸುವ ಡಬ್ಬಿಯನ್ನು ಕಟ್ಟಿದನು. ವಾಹನದ ಕಬ್ಬಿಣದ ನಡುವೆ ಕಾಂತಸೂಜಿಯನ್ನು ನಂಬುವಂತಿರಲಿಲ್ಲ. ಅದಕ್ಕಾಗಿ ಸೂರ್ಯನ ನೆರಳಿನಿಂದ ದಿಕ್ಕನ್ನು ತಿಳಿಯುವ ಫಲಕವನ್ನು ಅಳವಡಿಸಿದನು. ಮೆತ್ತನೆಯ ಮರಳು ಬಂದಾಗ ಟೈರಿನ ಗಾಳಿಯನ್ನು ಇಳಿಸಿದನು; ಚಕ್ರ ಹೂತಾಗ ಉಕ್ಕಿನ ಪಟ್ಟಿಗಳನ್ನು ಹಾಸಿದನು. ಇವುಗಳಲ್ಲಿ ಪ್ರತಿಯೊಂದನ್ನೂ ಪ್ರಯಾಣವೇ ಕೇಳಿತು. ಆ ಸಂಚಾರದ ಕುತೂಹಲವೇ ಬೆಳೆದು, ಗಾಳಿಯಿಂದ ಚಲಿಸುವ ಮರಳನ್ನು ಕುರಿತು ಆತನು 1941ರಲ್ಲಿ ಪ್ರಕಟಿಸಿದ ಶಾಸ್ತ್ರಗ್ರಂಥವಾಯಿತು. ಷೆಡ್ಡಿನಲ್ಲಿ ಕುಳಿತವನಿಗೆ ಮರಳು ಇಂಥ ಪ್ರಶ್ನೆಗಳನ್ನು ಕೇಳುವುದಿಲ್ಲ.

ವಾಹನವನ್ನು ಕಟ್ಟುವುದರಲ್ಲಿಯೇ ಆನಂದವನ್ನು ಕಾಣುವವನನ್ನು ನಿಂದಿಸಬೇಕಾಗಿಲ್ಲ. ಅವನಿಗೆ ಶಿಲ್ಪವೇ ಪ್ರಧಾನ. ಪ್ರಯಾಣದ ಹೆಸರಿನಲ್ಲಿ ಪ್ರಯಾಣವನ್ನೇ ಮುಂದೂಡುವುದು ದೋಷ. ಇನ್ನೂ ಪೂರ್ಣವಾಗಿಲ್ಲವೆಂಬ ನೆಪದ ಹಿಂದೆ ಅನೇಕವೇಳೆ ಭಯವು ಅಡಗಿರುತ್ತದೆ. ಪೂರ್ಣತೆಗೆ ಮಿತಿಯಿಲ್ಲ, ಆಯುಸ್ಸಿಗೆ ಮಿತಿಯುಂಟು. ಆದುದರಿಂದ ಪ್ರಾಣರಕ್ಷಣೆಗೆ ಅವಶ್ಯವಾದುದನ್ನು ಮೊದಲು ಒದಗಿಸಿಕೊಂಡು, ಹತ್ತಿರದ ಹಾದಿಗೆ ಹೊರಟು, ಅಲ್ಲಿ ಕಂಡ ಕೊರತೆಯನ್ನು ಹಿಂದಿರುಗಿ ಬಂದು ತುಂಬಿಕೊಂಡು, ಮುಂದಿನ ಸಲ ಇನ್ನಷ್ಟು ದೂರ ಹೋಗುವುದೇ ಯುಕ್ತವಾದ ಕ್ರಮ.