ಖಿನ್ನತೆಯು ಈಮಾನಿನ ಕೊರತೆಯೇ?

ಮಗನಿಗೆ ಜ್ವರ ಬಂದರೆ ನಾವು ವೈದ್ಯರ ಬಳಿಗೆ ಓಡುತ್ತೇವೆ. ಕೈ ಮುರಿದರೆ ಆ ರಾತ್ರಿಯೇ ಆಸ್ಪತ್ರೆಗೆ ಒಯ್ಯುತ್ತೇವೆ. ಆದರೆ ಅದೇ ಮಗ ವಾರಗಟ್ಟಲೆ ಯಾರೊಂದಿಗೂ ಮಾತನಾಡದೆ, ಸರಿಯಾಗಿ ಉಣ್ಣದೆ, ನಿದ್ರಿಸದೆ, ಪುಸ್ತಕ ಮುಟ್ಟದೆ ಮೂಲೆ ಸೇರಿದರೆ ಏನು ಹೇಳುತ್ತೇವೆ? ಮೊದಲು ‘ಸೋಮಾರಿ’, ಆಮೇಲೆ ‘ದೃಷ್ಟಿ ತಾಗಿದೆ’, ಕೊನೆಗೆ ‘ಈಮಾನ್ ದುರ್ಬಲವಾಗಿದೆ’. ತುಮಕೂರಿನ ಬಡಾವಣೆಗಳಲ್ಲಾಗಲಿ, ಗುಬ್ಬಿ, ಕುಣಿಗಲ್‌ಗಳ ಮೊಹಲ್ಲಾಗಳಲ್ಲಾಗಲಿ ಇದು ಅಪರೂಪದ ಮಾತಲ್ಲ. ಹೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲದಿರಬಹುದು. ಆದರೆ ಆ ಮಾತು ನ್ಯಾಯವೇ?

ಓದುಗರೇ, ಮಗ ಯೂಸುಫ್‌ರ(ಅ) ಅಗಲಿಕೆಯಲ್ಲಿ ಅತ್ತು ಪ್ರವಾದಿ ಯಅ್‌ಕೂಬ್‌ರ(ಅ) ಕಣ್ಣುಗಳೇ ಮಂಜಾದವು. ಹಝ್ರತ್ ಖದೀಜಾ(ರ) ಮತ್ತು ಅಬೂತಾಲಿಬ್ ತೀರಿಕೊಂಡ ವರ್ಷವು ಪ್ರವಾದಿವರ್ಯರ(ಸ) ಚರಿತ್ರೆಯಲ್ಲಿ ದುಃಖದ ವರ್ಷವೆಂದೇ ಹೆಸರಾಗಿದೆ. ಅವರ ಈಮಾನಿನ ಬಗ್ಗೆ ಯಾರಾದರೂ ಸಂದೇಹಪಡುವರೇ? ದುಃಖವೇ ಈಮಾನಿನ ಕೊರತೆಯಲ್ಲವೆಂದ ಮೇಲೆ, ದುಃಖವು ರೋಗವಾಗಿ ಮಾರ್ಪಟ್ಟವನನ್ನು ದೂಷಿಸುವುದು ಹೇಗೆ?

ಖಿನ್ನತೆ ಒಂದು ರೋಗ. ಎರಡು ವಾರಗಳಿಗೂ ಹೆಚ್ಚು ಕಾಲ, ದಿನದ ಬಹುಪಾಲು ಅದು ಮನಸ್ಸನ್ನು ಕವಿದಿರುತ್ತದೆ. ಹದಿಹರೆಯದವರಲ್ಲಿ ಅದು ಅಳುವಿಗಿಂತ ಸಿಡುಕಾಗಿಯೂ ಕಾಣಿಸಬಹುದು. ಮೆದುಳಿನಲ್ಲಿ ಭಯವನ್ನು ಗ್ರಹಿಸುವ ಭಾಗವೊಂದಿದೆ. ಸಂತೋಷವನ್ನು ಗುರುತಿಸುವ ಜಾಲವಿದೆ. ಇವೆರಡನ್ನೂ ತೂಗಿ ನಿಯಂತ್ರಿಸುವ ಮುಂಭಾಗವಿದೆ. ಈ ಮುಂಭಾಗವು ಹದಿಹರೆಯದಲ್ಲಿ ಇನ್ನೂ ಪಕ್ವವಾಗುತ್ತಿರುತ್ತದೆ. ಖಿನ್ನತೆಯಲ್ಲಿ ಇವುಗಳ ಹೊಂದಾಣಿಕೆ ತಪ್ಪುತ್ತದೆ. ಆಗ ಕಹಿ ಮಾತು ಮನಸ್ಸಿಗೆ ಅಂಟಿಕೊಳ್ಳುತ್ತದೆ, ಸಿಹಿ ಮಾತು ಜಾರಿಹೋಗುತ್ತದೆ.

ವರ್ತನಾ ಚಿಕಿತ್ಸೆ ಎಂಬುದು ಬುದ್ಧಿವಾದವಲ್ಲ. ‘ಮನಸ್ಸು ಬಂದರೆ ಏಳುತ್ತೇನೆ’ ಎನ್ನುವ ಹುಡುಗನಿಗೆ ಚಿಕಿತ್ಸಕರು ‘ಮೊದಲು ಏಳು, ಮನಸ್ಸು ಹಿಂದೆ ಬರುತ್ತದೆ’ ಎಂಬುದನ್ನು ಅನುಭವದಿಂದಲೇ ಕಲಿಸುತ್ತಾರೆ. ಇಂದು ಹತ್ತು ನಿಮಿಷ ನಡಿಗೆ, ನಾಳೆ ಒಬ್ಬ ಗೆಳೆಯನ ಭೇಟಿ. ‘ನಾನು ಯಾವುದಕ್ಕೂ ಬಾರದವನು’ ಎಂಬ ಯೋಚನೆಯನ್ನು ಕಾಗದದಲ್ಲಿ ಬರೆಸಿ, ಅದು ನಿಜವೇ ಎಂದು ಅವನಿಂದಲೇ ಪರೀಕ್ಷಿಸುತ್ತಾರೆ. ಚಿಕಿತ್ಸೆಗೆ ಮೊದಲೂ ಅನಂತರವೂ ತೆಗೆದ ಮೆದುಳಿನ ಚಿತ್ರಗಳಲ್ಲಿ ಈ ಭಾಗಗಳ ಚಟುವಟಿಕೆ ಬದಲಾದುದನ್ನು ಸಂಶೋಧಕರು ಕಂಡಿದ್ದಾರೆ. ಮಕ್ಕಳ ಮೇಲಿನ ಇಂತಹ ಅಧ್ಯಯನಗಳು ಇನ್ನೂ ಕೆಲವೇ ಇವೆ, ಚಿಕ್ಕವೂ ಆಗಿವೆ. ಆದರೆ ಚಿಕಿತ್ಸೆಯ ಫಲದ ಬಗ್ಗೆ ದೊಡ್ಡ ಅಧ್ಯಯನಗಳಿವೆ. ಅಮೆರಿಕದಲ್ಲಿ 12ರಿಂದ 17 ವರ್ಷದ 439 ಮಕ್ಕಳ ಮೇಲೆ ನಡೆದ ಅಧ್ಯಯನದ ಮೊದಲ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. 12 ವಾರಗಳಲ್ಲಿ ಮಾತ್ರೆ ಮತ್ತು ಚಿಕಿತ್ಸೆ ಎರಡನ್ನೂ ಪಡೆದವರಲ್ಲಿ ನೂರಕ್ಕೆ 71 ಮಂದಿ ಸುಧಾರಿಸಿದರೆ, ಮಾತ್ರೆ ಮಾತ್ರ ಪಡೆದವರಲ್ಲಿ 61, ಚಿಕಿತ್ಸೆ ಮಾತ್ರ ಪಡೆದವರಲ್ಲಿ 43 ಮಂದಿ ಸುಧಾರಿಸಿದ್ದರು. 36 ವಾರಗಳಾದಾಗ ಚಿಕಿತ್ಸೆ ಮಾತ್ರ ಪಡೆದವರೂ 81ಕ್ಕೆ ತಲುಪಿದರು. ಇಲ್ಲಿ ಸಬ್ರ್ ಬೇಕಾದುದು ಮಗುವಿಗೆ ಮಾತ್ರವಲ್ಲ, ಮನೆಯವರಿಗೂ.

ಈಗ ಮೂಲ ಪ್ರಶ್ನೆಗೆ ಬರೋಣ. ‘ಎಲ್ಲವೂ ಈಮಾನಿನ ಪ್ರಶ್ನೆ’ ಎನ್ನುವವರು ಒಂದು ಕಡೆ, ‘ಎಲ್ಲವೂ ಮೆದುಳಿನ ಆಟ, ಮನುಷ್ಯ ಬರೀ ಯಂತ್ರ’ ಎನ್ನುವವರು ಇನ್ನೊಂದು ಕಡೆ ಇದ್ದಾರೆ. ಈ ಚಿಕಿತ್ಸೆ ಇಬ್ಬರನ್ನೂ ತಿದ್ದುತ್ತದೆ. ಮನುಷ್ಯನ ಕರ್ಮದಿಂದ ಮೆದುಳೇ ಬದಲಾಗುವುದಾದರೆ ಅವನು ಯಂತ್ರವಲ್ಲ. ಆ ಮೊದಲ ಹೆಜ್ಜೆಗೆ ಅವನಿಗೆ ಇನ್ನೊಬ್ಬರ ಕೈ ಬೇಕೆಂದಾದರೆ, ಅವನು ದೋಷಿಯೂ ಅಲ್ಲ. ನಿಂತು ನಮಾಝ್ ಮಾಡಲಾಗದ ರೋಗಿಗೆ ಕುಳಿತು ಮಾಡುವ ರಿಯಾಯಿತಿ ನೀಡಿದ ಧರ್ಮ ನಮ್ಮದು. ಅದು ಹೊಣೆಯನ್ನು ಶಕ್ತಿಗೆ ತಕ್ಕಂತೆ ಅಳೆಯುತ್ತದೆ.

ಹಾಗಾದರೆ ನಮಾಝ್, ದುಆಗಳು ಬೇಡವೇ? ಖಂಡಿತ ಬೇಕು. ಆದರೆ ಆರಾಧನೆ ಅಲ್ಲಾಹನಿಗಾಗಿ. ಅದನ್ನು ಮಾತ್ರೆಯಂತೆ ಅಳೆಯುವುದು ಸಲ್ಲದು, ಚಿಕಿತ್ಸೆ ತಪ್ಪಿಸಲು ನೆಪವಾಗಿಸುವುದೂ ಸಲ್ಲದು. ಔಷಧವಿಲ್ಲದ ರೋಗವನ್ನು ಅಲ್ಲಾಹನು ಇಳಿಸಿಲ್ಲವೆಂದು ಕಲಿಸಿದವರು, ಒಂಟೆಯನ್ನು ಕಟ್ಟಿ ಅನಂತರ ತವಕ್ಕುಲ್ ಮಾಡಲು ಹೇಳಿದವರು ಪ್ರವಾದಿವರ್ಯರೇ(ಸ). ಕ್ರಿ.ಶ. 934ರಲ್ಲಿ ತೀರಿಕೊಂಡ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖಿ, ದೇಹದ ಜೊತೆಗೆ ಮನಸ್ಸಿನ ಆರೋಗ್ಯದ ಬಗ್ಗೆಯೂ ಗ್ರಂಥ ಬರೆದರು. ಕಷ್ಟಕಾಲಕ್ಕೆ ಮನೆಯಲ್ಲಿ ಔಷಧ ಇಟ್ಟುಕೊಳ್ಳುವಂತೆ ಒಳ್ಳೆಯ ಯೋಚನೆಗಳನ್ನು ಮೊದಲೇ ಕೂಡಿಟ್ಟುಕೊಳ್ಳಬೇಕೆಂದು ಅವರು ತಿಳಿಸಿದ್ದರು. ಇದು ಪರಕೀಯ ವಿದ್ಯೆಯಲ್ಲ.

ನಮ್ಮ ಜಿಲ್ಲೆಯವರಿಗೆ ದಾರಿ ದೂರವೂ ಇಲ್ಲ. ತುಮಕೂರಿನಲ್ಲಿ ಜಿಲ್ಲಾ ಆಸ್ಪತ್ರೆಯಿದೆ. ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಮನೆಯಿಂದಲೇ ಉಚಿತವಾಗಿ ಕರೆ ಮಾಡಬಹುದು. ಮಗು ಸಾವಿನ ಮಾತೆತ್ತಿದರೆ ತಾಯಿತ ಹುಡುಕುತ್ತಾ, ನೆಂಟರೇನೆನ್ನುವರೋ ಎಂದು ಅಳೆಯುತ್ತಾ ಕೂರಬೇಡಿ. ಅವನನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಮಗಳಾದರೆ ‘ನಾಳೆ ಸಂಬಂಧ ಕೂಡಿಬರುವುದು ಹೇಗೆ’ ಎಂಬ ಭಯದಿಂದ ರೋಗವನ್ನು ಮುಚ್ಚಿಡುವುದು ಅವಳಿಗೆ ಬಗೆಯುವ ಅನ್ಯಾಯ.

ಮಕ್ಕಳು ಅಲ್ಲಾಹನು ನಮ್ಮ ಕೈಗಿತ್ತ ಅಮಾನತ್ತು. ಅವರ ದೇಹದ ಬಗ್ಗೆ ಮಾತ್ರವಲ್ಲ, ಮನಸ್ಸಿನ ಬಗ್ಗೆಯೂ ನಾವು ಉತ್ತರಿಸಬೇಕಾದೀತು. ಖತೀಬರು ಜುಮಾದಲ್ಲಿ, ಉಸ್ತಾದರು ಮದ್ರಸದಲ್ಲಿ, ಅಮ್ಮಂದಿರು ಅಡುಗೆಮನೆಯಲ್ಲಿ ಈ ಮಾತನ್ನು ನಾಚಿಕೆಯಿಲ್ಲದೆ ಆಡುವಂತಾಗಲಿ. ಮೂಲೆ ಸೇರಿದ ಮಗುವಿನ ಪಕ್ಕ ಕುಳಿತುಕೊಳ್ಳುವ ತಾಳ್ಮೆಯನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ, ಆಮೀನ್.