ಬಿಲ್ಲು ತಿದ್ದುವುದೋ, ಅಚ್ಚು ತಿದ್ದುವುದೋ?

*ಇಂದಿನ ಧಮ್ಮ ಚಿಂತನೆ*

ಧಮ್ಮಪದದ ಚಿತ್ತವಗ್ಗ ಶುರುವಾಗುವುದೇ ಬಾಣ ಮಾಡುವವನ ಹೋಲಿಕೆಯಿಂದ. ಇವತ್ತು ಬಾಣವನ್ನು ಬದಿಗಿಟ್ಟು ಬಿಲ್ಲಿನ ವಿಷಯ ಮಾತಾಡೋಣ.

ಯಲಹಂಕದ ನಮ್ಮ ಮನೆಯ ತಾರಸಿಯಲ್ಲಿ ನಾನು ಹವ್ಯಾಸಕ್ಕೆ ಬಿಲ್ಲು ಮಾಡುತ್ತೇನೆ. "ಬುದ್ಧನ ದಾರಿಯಲ್ಲಿ ನಡೆಯುವವರಿಗೆ ಬಿಲ್ಲು ಯಾಕೆ?" ಎಂದು ಕೇಳಿದವರಿದ್ದಾರೆ. ನ್ಯಾಯವಾದ ಪ್ರಶ್ನೆ. ಉಪಾಸಕರು ಮಾಡಬಾರದೆಂದು ಅಂಗುತ್ತರ ನಿಕಾಯ ಹೇಳುವ ಐದು ವ್ಯಾಪಾರಗಳಲ್ಲಿ ಆಯುಧದ ವ್ಯಾಪಾರವೇ ಮೊದಲನೆಯದು. ನಾನು ಬಿಲ್ಲು ಮಾರುವುದಿಲ್ಲ, ಜೀವವಿರುವ ಯಾವುದಕ್ಕೂ ಗುರಿ ಇಡುವುದಿಲ್ಲ. ಹುಲ್ಲಿನ ಕಟ್ಟೇ ನನ್ನ ಗುರಿ.

ಈ ಬಿಲ್ಲು ಒಂದೇ ಮರದ ತುಂಡಲ್ಲ. ಬಿದಿರು, ಮರ, ಫೈಬರ್ ಗ್ಲಾಸ್‌ಗಳ ತೆಳು ಪಟ್ಟಿಗಳಿಗೆ ಎಪಾಕ್ಸಿ ಅಂಟು ಸವರಿ, ಒಂದರ ಮೇಲೊಂದು ಇಟ್ಟು, ಬಾಗಿದ ಅಚ್ಚಿನ ಮೇಲೆ ಬಿಗಿದು ಕಟ್ಟಬೇಕು. ಅಚ್ಚಿಗೆ 18 ಎಂಎಂ ಪ್ಲೈವುಡ್ಡಿನ ಮೂರು ತುಂಡು ಸೇರಿಸಿದರೆ ಸಾಕು. ಕಟ್ಟಲು ಹಳೇ ಸೈಕಲ್ ಟ್ಯೂಬ್ ಆಗುತ್ತದೆ. ಅಂಟು ಹಸಿ ಇರುವಾಗ ಪಟ್ಟಿಗಳು ಹೇಳಿದಂತೆ ಕೇಳುತ್ತವೆ. ಒಣಗಿದ ಮೇಲೆ ಅಚ್ಚಿನಲ್ಲಿ ಏನಿತ್ತೋ ಅದೇ ಬಿಲ್ಲಿನ ಆಕಾರ.

ಅಚ್ಚಿನ ಮೈ ಒಂದು ಬದಿಗೆ ಕೂದಲೆಳೆಯಷ್ಟು ವಾಲಿದ್ದರೂ ಹೆದೆ ಏರಿಸಿದಾಗ ಬಿಲ್ಲಿನ ತೋಳು ತಿರುಚಿಕೊಳ್ಳುತ್ತದೆ. ಆಗ ಸುಲಭದ ದಾರಿ ಒಂದಿದೆ: ಬಲವಾಗಿರುವ ಬದಿಯನ್ನು ಅರ ಹಾಕಿ ಉಜ್ಜುವುದು. ಬಿಲ್ಲು ನೇರವಾಗುತ್ತದೆ, ಸ್ವಲ್ಪ ಬಲ ಕಳೆದುಕೊಳ್ಳುತ್ತದೆ. ಆದರೆ ಅದೇ ಅಚ್ಚಿನಿಂದ ಬರುವ ಮುಂದಿನ ಬಿಲ್ಲೂ ಅದೇ ಕಡೆಗೆ ತಿರುಚುತ್ತದೆ. ಬಿಲ್ಲು ಮಾಡುವವರು ಗಮನಿಸುವುದು ಇಷ್ಟೇ: ಒಂದು ಸಲ ತಿರುಚಿದರೆ ಮರದ್ದಿರಬಹುದು, ಅಂಟಿನದ್ದಿರಬಹುದು. ಮರ ಬದಲಾದರೂ ಮೂರು ಸಲವೂ ಒಂದೇ ಕಡೆಗೆ ತಿರುಚಿದರೆ ಅಚ್ಚು ನೋಡು.

ನಮ್ಮ ಬದುಕಿನಲ್ಲೂ ಹಾಗೇ. ಒಬ್ಬರ ಜೊತೆ ಜಗಳವಾದರೆ ಅವರದ್ದೂ ತಪ್ಪಿರಬಹುದು. ಆಫೀಸಿನಲ್ಲಿ, ಮನೆಯಲ್ಲಿ, ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಅದೇ ಮಾತು, ಅದೇ ಸಿಟ್ಟು ಬಂದರೆ? ಪ್ರತಿ ಸಲ "ಸಾರಿ" ಹೇಳುವುದು ಬಿಲ್ಲನ್ನು ಅರ ಹಾಕಿದಂತೆ. ಹೇಳಲೇಬೇಕು. ಆದರೆ ಅದರಿಂದ ಅಚ್ಚು ಬದಲಾಗುವುದಿಲ್ಲ. ಮತ್ತೆ ಮತ್ತೆ ಮಾಡಿ ಗಟ್ಟಿಯಾದ ಈ ಚಿತ್ತದ ಅಚ್ಚನ್ನು ನಾವು ಸಂಖಾರ ಎಂದು ಓದಿದ್ದೇವೆ.

*ಅಚ್ಚು ಒಬ್ಬರದ್ದೇ ಆಗಿರುವುದಿಲ್ಲ.* ನಮ್ಮ ಎಷ್ಟೋ ಮನೆಗಳಲ್ಲಿ ಕೆಲಸಕ್ಕೆ ಬರುವ ಅಕ್ಕನಿಗೆ ಕಾಫಿ ಕೊಡಲು ಬೇರೆ ಲೋಟ ಇರುತ್ತದೆ, ಕಿಟಕಿಯಲ್ಲೋ ಸಿಂಕಿನ ಕೆಳಗೋ. ಆ ಮನೆಯ ಆರು ವರ್ಷದ ಮಗುವಿಗೆ ಯಾರೂ ಜಾತಿಯ ಪಾಠ ಹೇಳಿರುವುದಿಲ್ಲ. ಆದರೂ "ಅಕ್ಕನಿಗೆ ಕಾಫಿ ಕೊಡು" ಎಂದರೆ ಅದರ ಕೈ ನೇರ ಆ ಲೋಟಕ್ಕೇ ಹೋಗುತ್ತದೆ. ಮಗು ಹಸಿ ಪಟ್ಟಿ, ಮನೆ ಅಚ್ಚು. ಎಲ್ಲರೂ ಸಮಾನರು ಎಂದು ಆ ಮಗುವಿಗೆ ನೂರು ಸಲ ಹೇಳುವುದಕ್ಕಿಂತ ಆ ಲೋಟವನ್ನು ಉಳಿದ ಲೋಟಗಳ ಜೊತೆ ಸೇರಿಸಿಡುವುದು ದೊಡ್ಡ ಪಾಠ.

ಬುದ್ಧರ ಕಾಲದಲ್ಲೇ ಇದಕ್ಕೆ ನಿದರ್ಶನವಿದೆ. ಅನುರುದ್ಧ, ಆನಂದ ಮೊದಲಾದ ಶಾಕ್ಯ ಕುಮಾರರು ಸಂಘ ಸೇರಲು ಬಂದಾಗ ಜೊತೆಗಿದ್ದವನು ಅವರ ಕ್ಷೌರಿಕ ಉಪಾಲಿ. ತಮಗೆ ಕುಲದ ಅಹಂಕಾರ ಇದೆ ಎಂದು ಒಪ್ಪಿಕೊಂಡ ಕುಮಾರರು, ಉಪಾಲಿಗೇ ಮೊದಲು ದೀಕ್ಷೆ ಕೊಡಿ ಎಂದು ಕೇಳಿದರೆಂದು ವಿನಯದ ಚುಲ್ಲವಗ್ಗ ಹೇಳುತ್ತದೆ. ಸಂಘದಲ್ಲಿ ಹಿರಿತನ ದೀಕ್ಷೆಯ ಕ್ರಮದಿಂದ ಬರುತ್ತದೆ. ಹಾಗಾಗಿ ಆ ದಿನದಿಂದ ರಾಜಕುಮಾರರು ಉಪಾಲಿಗೆ ಎದ್ದು ನಿಂತು ಕೈಮುಗಿಯಬೇಕಾಯಿತು. ಅಹಂಕಾರ ಬಿಡುತ್ತೇವೆ ಎಂದು ಬರೀ ಮಾತು ಕೊಡದೆ, ಅದು ದಿನವೂ ಬಾಗಲೇಬೇಕಾದ ಅಚ್ಚನ್ನು ಅವರೇ ಕೇಳಿ ಪಡೆದರು. ಮುಂದೆ ರಾಜಗೃಹದ ಮೊದಲ ಸಂಗೀತಿಯಲ್ಲಿ ವಿನಯವನ್ನು ಹೇಳಿದವರು ಇದೇ ಉಪಾಲಿ ಥೇರರು.

ಅಚ್ಚು ತಿದ್ದುವುದು ಹೇಗೆ? ಬಿಲ್ಲಿನ ಕೆಲಸದಿಂದ ಮೂರು ಮಾತು.

1️⃣ *ಖಾಲಿ ಇರುವಾಗ ತಿದ್ದಬೇಕು.* ಅಂಟು ಹಚ್ಚಿ ಬಿಗಿದ ಮೇಲೆ ಅಚ್ಚಿನ ಮೈ ಕಾಣುವುದಿಲ್ಲ. ಸಿಟ್ಟು ಏರಿದಾಗ ಚಿತ್ತದ ಅಚ್ಚೂ ಕಾಣುವುದಿಲ್ಲ. ಬೆಳಗಿನ ಧ್ಯಾನ, ಉಪೋಸಥದ ದಿನ ಇರುವುದೇ ಅದಕ್ಕೆ.

2️⃣ *ಕಣ್ಣಳತೆ ಸಾಲದು.* ರೂಢಿಯಾದ ಕಣ್ಣಿಗೆ ಸೊಟ್ಟದ್ದೂ ನೆಟ್ಟಗೇ ಕಾಣುತ್ತದೆ. ಅದಕ್ಕೇ ನಡುವೆ ದಾರ ಎಳೆದು, ಮೂಲೆಮಟ್ಟ ಹಿಡಿದು ನೋಡುವುದು. ಉಬ್ಬಿದ ಕಡೆ ಉಪ್ಪುಕಾಗದ, ತಗ್ಗಿದ ಕಡೆ ಪುಟ್ಟಿ. ನಮಗೆ ಪಂಚಶೀಲವೇ ದಾರ, ಮುಖ ನೋಡದೆ ಸತ್ಯ ಹೇಳುವ ಕಲ್ಯಾಣಮಿತ್ರನೇ ಮೂಲೆಮಟ್ಟ.

3️⃣ *ಎರಡು ಬದಿಗೂ ಒಂದೇ ನಕ್ಷೆ.* ಅರ್ಧ ಬಿಲ್ಲಿನ ನಕ್ಷೆ ಕತ್ತರಿಸಿ, ಅದನ್ನೇ ತಿರುಗಿಸಿಟ್ಟು ಇನ್ನೊಂದು ಅರ್ಧ ಗೀಚುತ್ತೇವೆ. ನಮ್ಮವರಿಗೆ ಒಂದು ಅಳತೆ, ಬೇರೆಯವರಿಗೆ ಇನ್ನೊಂದು ಎಂದರೆ ತೋಳುಗಳು ಸಮ ಬರುವುದಿಲ್ಲ.

ಒಮ್ಮೆ ತಿದ್ದಿದರೆ ಮುಗಿಯಿತೇ? ನಮ್ಮ ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ 1984ರಿಂದ ಗಾಲಿಗಳನ್ನು ಎರಕ ಹೊಯ್ಯುವುದು ಗ್ರಾಫೈಟ್ ಅಚ್ಚುಗಳಲ್ಲಿ. ಕರಗಿದ ಉಕ್ಕು ತಾಗಿ ತಾಗಿ ಒಳ್ಳೆಯ ಅಚ್ಚೂ ಸವೆಯುತ್ತದೆ. ಅದನ್ನು ಮತ್ತೆ ಕಡೆದು ಸರಿಮಾಡಬೇಕು. ದಿನದ ಬಿಸಿ ತಾಗುವ ನಮ್ಮ ಚಿತ್ತಕ್ಕೂ ಇದೇ ನಿಯಮ.

ಕೊನೆಗೊಂದು ಕಷ್ಟದ ಮಾತು. ಅಚ್ಚು ತಿದ್ದಿದ ಮಾತ್ರಕ್ಕೆ ಹಿಂದೆ ಹೊರಟ ಬಿಲ್ಲುಗಳು ನೇರವಾಗುವುದಿಲ್ಲ. ಅಪ್ಪ ಇವತ್ತು ಶಾಂತನಾದರೂ ಅವನ ಸಿಟ್ಟಿನಲ್ಲಿ ಬೆಳೆದ ಮಗನಿಗೆ ಮೂವತ್ತು ವರ್ಷವಾಗಿರಬಹುದು. ಕರ್ಮ ಅಳಿಸಿಹೋಗುವುದಿಲ್ಲ. ಆದರೆ ಬಿಲ್ಲಿಗೂ ಮನುಷ್ಯರಿಗೂ ಒಂದು ವ್ಯತ್ಯಾಸ: ತಾನು ಯಾವ ಅಚ್ಚಿನಿಂದ ಬಂದೆ ಎಂದು ಬಿಲ್ಲು ತಿರುಗಿ ನೋಡಲಾರದು, ಮಗ ನೋಡಬಲ್ಲ. ಅಪ್ಪನೇ ಆ ಅಚ್ಚನ್ನು ತೋರಿಸಿ "ಇದು ಸೊಟ್ಟ ಇತ್ತಪ್ಪಾ" ಎಂದರೆ ನೋಡುವುದು ಇನ್ನೂ ಸುಲಭ.

🌿 *ಇಂದಿನ ಅಭ್ಯಾಸ:* ಈ ವಾರ ಮೂರು ಬೇರೆ ಬೇರೆ ಕಡೆ ಒಂದೇ ರೀತಿ ತಪ್ಪಿದ್ದು ಏನಾದರೂ ಇದೆಯೇ? ಹತ್ತು ನಿಮಿಷ ಸುಮ್ಮನೆ ಕೂತು ನೋಡಿ. ಆಮೇಲೆ ಅಡುಗೆಮನೆಗೆ ಹೋಗಿ ಲೋಟಗಳನ್ನೂ ಒಮ್ಮೆ ನೋಡಿ.

ಎಲ್ಲರಿಗೂ ಮಂಗಳವಾಗಲಿ 🙏