ಸೆರೆಯಾಳು ಎಂಬ ಅಮಾನತ್ತು

ಜೈಲಿನ ವಿಚಾರ ಬಂದಾಗ ನಾವು ಸಾಮಾನ್ಯವಾಗಿ ಒಂದೇ ಮಾತನ್ನು ಆಡುತ್ತೇವೆ. ಅವನು ನಿರಪರಾಧಿ, ಅವನನ್ನು ಬಿಟ್ಟುಬಿಡಿ ಎನ್ನುತ್ತೇವೆ. ವರ್ಷಗಟ್ಟಲೆ ವಿಚಾರಣಾಧೀನರಾಗಿ ಕೊಳೆತು, ಕೊನೆಗೆ ನಿರ್ದೋಷಿಗಳೆಂದು ಹೊರಬಂದ ಯುವಕರನ್ನು ಕಂಡಿರುವ ಸಮುದಾಯಕ್ಕೆ ಈ ಮಾತು ಸಹಜ. ಅದು ನ್ಯಾಯದ ಮಾತೂ ಹೌದು. ಆದರೆ ಅದರೊಳಗೆ ನಾವು ಗಮನಿಸದ ಇನ್ನೊಂದು ಮಾತು ಅಡಗಿದೆ. ನಿರಪರಾಧಿಗೆ ಅನ್ಯಾಯವಾಗಬಾರದು ಎಂದಷ್ಟೇ ಹೇಳಿ ನಿಲ್ಲಿಸಿದರೆ, ಅಪರಾಧಿಗೆ ಏನು ಬೇಕಾದರೂ ಆಗಲಿ ಎಂದು ಒಪ್ಪಿದಂತಾಗುವುದಿಲ್ಲವೇ? ನಿಜವಾಗಿ ಕದ್ದವನಿಗೆ, ನಿಜವಾಗಿ ಕೊಂದವನಿಗೆ ಜೈಲುಗೋಡೆಯೊಳಗೆ ಏನು ಉಳಿದಿರುತ್ತದೆ?

ಈ ಪ್ರಶ್ನೆಯನ್ನು ನೇರವಾಗಿ ಎದುರಿಸಲು ಅಮೆರಿಕದ ಒಂದು ಜೈಲಿನ ಚರಿತ್ರೆ ನೆರವಾಗುತ್ತದೆ. ಅದು ನ್ಯೂಯಾರ್ಕ್ ರಾಜ್ಯದ ಪುರುಷರ ಕಾರಾಗೃಹ ಅಟಿಕಾ. 1929ರಲ್ಲಿ ಆ ರಾಜ್ಯದ ಬೇರೆ ಜೈಲುಗಳಲ್ಲಿ ದಂಗೆಗಳಾದ ಬಳಿಕ, ಇನ್ನು ಮುಂದೆ ಯಾರೂ ತಪ್ಪಿಸಿಕೊಳ್ಳಲಾಗದ ಜೈಲು ಬೇಕೆಂದು ಅದನ್ನು ಕಟ್ಟಲಾಯಿತು. ಸುತ್ತ ಮೂವತ್ತು ಅಡಿ ಎತ್ತರದ ಗೋಡೆ. 1931ರಲ್ಲಿ ಅದು ತೆರೆಯುವ ಹೊತ್ತಿಗೆ, ಕೈದಿಗಳಿಗೆ ಅದೊಂದು ಸ್ವರ್ಗವೇ ಆಗಲಿದೆ ಎಂದು ಪತ್ರಿಕೆಯಲ್ಲಿ ವರದಿ ಬಂದಿತ್ತು.

ನಲವತ್ತು ವರ್ಷಗಳ ಬಳಿಕ, 1971ರಲ್ಲಿ ಆ ಸ್ವರ್ಗದ ಸ್ಥಿತಿ ಹೇಗಿತ್ತು? ಒಳಗೆ ಸುಮಾರು 2,200 ಮಂದಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕರಿಯರು. ಕಾವಲುಗಾರರು ಹೆಚ್ಚುಕಡಿಮೆ ಎಲ್ಲರೂ ಬಿಳಿಯರು. ವಾರಕ್ಕೊಮ್ಮೆ ಸ್ನಾನ. ಒಬ್ಬ ಕೈದಿಯ ದಿನದ ಊಟಕ್ಕೆ ಸರಕಾರದ ಖರ್ಚು 63 ಸೆಂಟ್. ದಿನದ ಹದಿನಾಲ್ಕು ಹದಿನಾರು ಗಂಟೆ ಬೀಗ ಹಾಕಿದ ಕೋಣೆಯಲ್ಲೇ ವಾಸ. ಪತ್ರಗಳನ್ನು ಒಡೆದು ಓದಿ, ಇಷ್ಟವಾಗದಿದ್ದರೆ ತಡೆಹಿಡಿಯುತ್ತಿದ್ದರು. ಮುಸ್ಲಿಮ್ ಕೈದಿಗಳಿಗೆ ಕೂಡಿ ಪ್ರಾರ್ಥಿಸುವುದೂ, ಹಂದಿ ಮಾಂಸವಿಲ್ಲದ ಊಟ ದೊರೆಯುವುದೂ ದೊಡ್ಡ ಹೋರಾಟವಾಗಿತ್ತು. ಅಟಿಕಾದ ಕೈದಿಗಳು ಧಾರ್ಮಿಕ ಹಕ್ಕಿಗಾಗಿ ಹೂಡಿದ ಮೊಕದ್ದಮೆಯಲ್ಲಿ 1962ರಲ್ಲಿ ಸ್ವತಃ ಮಾಲ್ಕಂ ಎಕ್ಸ್ ಬಫಲೋ ನಗರದ ನ್ಯಾಯಾಲಯಕ್ಕೆ ಬಂದು ಸಾಕ್ಷಿ ನುಡಿದಿದ್ದರು.

1971ರ ಸೆಪ್ಟೆಂಬರ್ 9ರಂದು ಜೈಲು ಸಿಡಿಯಿತು. ಸುಮಾರು 1,300 ಕೈದಿಗಳು ಒಂದು ಅಂಗಳವನ್ನು ವಶಪಡಿಸಿಕೊಂಡು, ನಲವತ್ತರಷ್ಟು ಕಾವಲುಗಾರರನ್ನೂ ಸಿಬ್ಬಂದಿಯನ್ನೂ ಒತ್ತೆಯಿರಿಸಿಕೊಂಡರು. ಮೊದಲ ಗಂಟೆಗಳ ಆವೇಶದಲ್ಲಿ ವಿಲಿಯಂ ಕ್ವಿನ್ ಎಂಬ ಕಾವಲುಗಾರನ ತಲೆಗೆ ಬಲವಾದ ಏಟು ಬಿದ್ದು, ಎರಡು ದಿನಗಳ ಬಳಿಕ ಆತ ತೀರಿಕೊಂಡ. ಮೂವರು ಕೈದಿಗಳನ್ನು ಸಹಕೈದಿಗಳೇ ಕೊಂದರು. ಇದನ್ನು ನಾವು ಮರೆಮಾಚಬಾರದು. ಅಟಿಕಾದಲ್ಲಿದ್ದವರು ಸಂತರಾಗಿರಲಿಲ್ಲ.

ಆದರೆ ಅದೇ ಅಂಗಳದಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ರೊಚ್ಚಿಗೆದ್ದ ಗುಂಪಿನ ಕೈಗೆ ಒತ್ತೆಯಾಳುಗಳು ಸಿಗದಂತೆ ಮುಸ್ಲಿಮ್ ಕೈದಿಗಳು ಅವರನ್ನು ಸುತ್ತುವರಿದು ನಿಂತರು. ಹಗಲೂ ರಾತ್ರಿ ಸರದಿಯ ಮೇಲೆ ಕಾವಲು ಕಾದರು. ಮಲಗಲು ಹಾಸಿಗೆ ಒದಗಿಸಿದರು, ಊಟ ಕೊಟ್ಟರು. ತಾವು ಬದುಕಿ ಉಳಿದದ್ದು ಈ ಕಾವಲಿನಿಂದ ಎಂದು ಬದುಕುಳಿದ ಒತ್ತೆಯಾಳುಗಳೇ ಮುಂದೆ ಹೇಳಿದ್ದಾರೆ. ಈ ಕೈದಿಗಳಲ್ಲಿ ಅನೇಕರು 'ನೇಷನ್ ಆಫ್ ಇಸ್ಲಾಂ' ಸಂಘಟನೆಗೆ ಸೇರಿದವರು. ಅದರ ಹಲವು ನಂಬಿಕೆಗಳನ್ನು ನಾವು ಒಪ್ಪುವುದಿಲ್ಲ. ಆದರೆ ನಿನ್ನೆಯವರೆಗೆ ತಮ್ಮ ಮೇಲೆ ಲಾಠಿ ಬೀಸಿದ್ದ ಕೈಗಳು ಇಂದು ತಮ್ಮ ವಶಕ್ಕೆ ಬಂದಾಗ ಅವರು ನಡೆದುಕೊಂಡ ರೀತಿಯನ್ನು ನೋಡಿದರೆ, ಅಮಾನತ್ತು ಎಂಬ ಪದದ ಅರ್ಥ ಅವರಿಗೆ ತಿಳಿದಿತ್ತು ಎನ್ನಬೇಕಾಗುತ್ತದೆ.

ಕೈದಿಗಳು ಕೇಳಿದ್ದಾದರೂ ಏನು? ತಕ್ಕಷ್ಟು ಊಟ, ವೈದ್ಯರು, ಶಿಕ್ಷಣ, ಧರ್ಮಾಚರಣೆಯ ಸ್ವಾತಂತ್ರ್ಯ, ದುಡಿಮೆಗೆ ನ್ಯಾಯವಾದ ಕೂಲಿ. ಅವರ ಪರವಾಗಿ ಹೇಳಿಕೆ ಓದಿದ ಎಲಿಯಟ್ ಬಾರ್ಕ್ಲಿಗೆ ಇಪ್ಪತ್ತೊಂದು ವರ್ಷ. ಪರವಾನಗಿಯಿಲ್ಲದೆ ವಾಹನ ಓಡಿಸಿ ಪೆರೋಲಿನ ಷರತ್ತು ಮುರಿದದ್ದಕ್ಕೆ ಆತ ಅಲ್ಲಿದ್ದ. ನಾವು ಮೃಗಗಳಲ್ಲ, ಮನುಷ್ಯರು ಎಂಬುದು ಅವನ ಮಾತಿನ ಸಾರಾಂಶ. ಜೈಲು ಇಲಾಖೆಯ ಮುಖ್ಯಸ್ಥ ರಸೆಲ್ ಆಸ್ವಾಲ್ಡ್ 28 ಬೇಡಿಕೆಗಳನ್ನು ಒಪ್ಪಿದರು. ದಂಗೆಗಾಗಿ ಯಾರ ಮೇಲೂ ಮೊಕದ್ದಮೆ ಹೂಡಬಾರದು ಎಂಬ ಒಂದು ಬೇಡಿಕೆಯಲ್ಲಿ ಮಾತುಕತೆ ಮುರಿಯಿತು. ಒಮ್ಮೆ ಜೈಲಿಗೆ ಬನ್ನಿ ಎಂದು ಮಧ್ಯಸ್ಥರು ಬೇಡಿಕೊಂಡರೂ ಗವರ್ನರ್ ನೆಲ್ಸನ್ ರಾಕ್‌ಫೆಲ್ಲರ್ ಬರಲಿಲ್ಲ.

ಸೆಪ್ಟೆಂಬರ್ 13ರ ಬೆಳಗ್ಗೆ ಕೆಲವು ಕೈದಿಗಳು ಒತ್ತೆಯಾಳುಗಳ ಕುತ್ತಿಗೆಗೆ ಚಾಕು ಹಿಡಿದು ಎಲ್ಲರಿಗೂ ಕಾಣುವಂತೆ ನಿಲ್ಲಿಸಿದರು. ಹೆಲಿಕಾಪ್ಟರಿನಿಂದ ಅಶ್ರುವಾಯು ಬಿತ್ತು. ಬಳಿಕ ರಾಜ್ಯದ ಪೊಲೀಸರು ಹೊಗೆಯೊಳಕ್ಕೆ ಗುಂಡು ಹಾರಿಸಿದರು. ಕೆಲವೇ ನಿಮಿಷಗಳಲ್ಲಿ 29 ಕೈದಿಗಳೂ 10 ಒತ್ತೆಯಾಳುಗಳೂ ಗುಂಡೇಟಿಗೆ ಬಲಿಯಾದರು. ಬಾರ್ಕ್ಲಿಯೂ ಸತ್ತ. ಬದುಕಿದ್ದವರ ಬಟ್ಟೆ ಕಳಚಿ, ಕೆಸರಿನಲ್ಲಿ ತೆವಳಿಸಿ, ಎರಡು ಸಾಲು ಲಾಠಿಗಳ ನಡುವೆ ಓಡಿಸಿದರು.

ಒತ್ತೆಯಾಳುಗಳ ಕತ್ತನ್ನು ಕೈದಿಗಳು ಸೀಳಿ ಕೊಂದರು ಎಂದು ಅಧಿಕಾರಿಗಳು ಅಂದೇ ಹೇಳಿದರು. ದೇಶ ನಂಬಿತು. ಮರುದಿನ ಶವಪರೀಕ್ಷೆ ಮಾಡಿದ ವೈದ್ಯ ಜಾನ್ ಎಡ್‌ಲ್ಯಾಂಡ್ ಸತ್ಯ ಹೇಳಿದರು. ಸತ್ತ ಒತ್ತೆಯಾಳುಗಳೆಲ್ಲ ಸತ್ತದ್ದು ಗುಂಡಿನಿಂದ. ಕೈದಿಗಳ ಬಳಿ ಬಂದೂಕು ಇರಲಿಲ್ಲ. ಅಂದರೆ ಯಾರನ್ನು ರಕ್ಷಿಸಲು ಬಂದೆವು ಎಂದರೋ ಅವರನ್ನೇ ಸರಕಾರ ಕೊಂದಿತ್ತು.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಅಟಿಕಾದಲ್ಲಿ ನಾಲ್ಕು ದಿನಗಳ ಮಟ್ಟಿಗೆ ಎರಡು ಬಗೆಯ ಸೆರೆಮನೆಗಳಿದ್ದವು. ಒಂದರಲ್ಲಿ ಅಪರಾಧಿಗಳು ಸರಕಾರದ ವಶದಲ್ಲಿದ್ದರು. ಇನ್ನೊಂದರಲ್ಲಿ ಸರಕಾರದ ನೌಕರರು ಅಪರಾಧಿಗಳ ವಶದಲ್ಲಿದ್ದರು. ವಶಕ್ಕೆ ಬಂದವನ ಪ್ರಾಣವನ್ನು ಯಾರು ಹೆಚ್ಚು ಜೋಪಾನ ಮಾಡಿದರು? ಕಾನೂನು, ವೇತನ, ಸಮವಸ್ತ್ರ ಎಲ್ಲವೂ ಇದ್ದವರಿಗಿಂತ, ಕೊಲೆ ದರೋಡೆಗಳ ದಾಖಲೆ ಇದ್ದವರಲ್ಲಿ ಕೆಲವರು ಉತ್ತಮ ಕಾವಲುಗಾರರಾಗಿದ್ದರು. ಮನುಷ್ಯನನ್ನು ಅವನ ಅಪರಾಧದ ಹೆಸರಿನಿಂದ ಪೂರ್ತಿಯಾಗಿ ಅಳೆಯಲಾಗದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಸೆರೆವಾಸವೆಂದಾಗ ನಮಗೆ ಮೊದಲು ನೆನಪಾಗುವುದು ಪ್ರವಾದಿ ಯೂಸುಫ್(ಅ). ಅವರು ನಿರಪರಾಧಿ. ಆದರೆ ಕುರ್‌ಆನ್ ಸೆರೆಯಾಳಿನ ಬಗ್ಗೆ ಅಲ್ಲಿಗೇ ನಿಲ್ಲಿಸುವುದಿಲ್ಲ. ಬಡವನಿಗೆ, ಅನಾಥನಿಗೆ ಉಣಿಸುವವರನ್ನು ಹೊಗಳುವಾಗ ಅದೇ ಸಾಲಿನಲ್ಲಿ ಸೆರೆಯಾಳನ್ನೂ ಸೇರಿಸುತ್ತದೆ (76:8). ಅವನು ನಿರಪರಾಧಿಯಾಗಿರಬೇಕು ಎಂಬ ಷರತ್ತು ಅಲ್ಲಿಲ್ಲ. ಬದ್ರ್‌ನಲ್ಲಿ ಸೆರೆಸಿಕ್ಕವರು ಕತ್ತಿ ಹಿಡಿದು ಮುಸ್ಲಿಮರನ್ನು ಕೊಲ್ಲಲು ಬಂದವರು. ಅವರೊಡನೆ ಒಳ್ಳೆಯ ರೀತಿಯಲ್ಲಿ ವರ್ತಿಸಿ ಎಂದು ಪ್ರವಾದಿ(ಸ) ತಾಕೀತು ಮಾಡಿದರು. ಮುಸ್‌ಅಬ್ ಬಿನ್ ಉಮೈರ್(ರ)ರ ಸಹೋದರ ಅಬೂ ಅಝೀಝ್ ಆ ಸೆರೆಯಾಳುಗಳಲ್ಲೊಬ್ಬ. ಸೆರೆಹಿಡಿದವರು ತಮಗೆ ಖರ್ಜೂರ ಇಟ್ಟುಕೊಂಡು ತನಗೆ ರೊಟ್ಟಿ ಕೊಟ್ಟರು, ತನಗೇ ನಾಚಿಕೆಯಾಯಿತು ಎಂದು ಆತ ಮುಂದೆ ನೆನಪಿಸಿಕೊಂಡ. ಬರೆಯಬಲ್ಲ ಕೈದಿಗಳು ಮದೀನಾದ ಮಕ್ಕಳಿಗೆ ಅಕ್ಷರ ಕಲಿಸಿ ಬಿಡುಗಡೆ ಪಡೆದರು. ನಿನ್ನೆಯ ಶತ್ರುವನ್ನು ಮಕ್ಕಳಿಗೆ ಗುರುವಾಗಿಸಿದ್ದು ಆ ಸಮಾಜ.

ಶಿಕ್ಷೆ ಬೇಡವೆಂದು ಇದರರ್ಥವಲ್ಲ. ಕ್ವಿನ್‌ನ ಮನೆಯವರ ದುಃಖ ನಿಜವಾದದ್ದು. ತಪ್ಪಿಗೆ ಶಿಕ್ಷೆಯಾಗಬೇಕು. ಆದರೆ ನ್ಯಾಯಾಲಯ ವಿಧಿಸುವುದು ಸೆರೆವಾಸವನ್ನು. ಹಸಿವು, ಹೊಡೆತ, ಅವಮಾನಗಳು ತೀರ್ಪಿನಲ್ಲಿ ಇರುವುದಿಲ್ಲ. ಅವು ಗೋಡೆಯ ಒಳಗೆ ಯಾರ ಕಣ್ಣಿಗೂ ಬೀಳದೆ ಸೇರಿಕೊಳ್ಳುತ್ತವೆ.

ಅಟಿಕಾದ ಲೆಕ್ಕ ಸುಲಭವಾಗಿ ಮುಗಿಯಲಿಲ್ಲ. ಹಿಂಸೆ ಅನುಭವಿಸಿದ ಕೈದಿಗಳಿಗೆ 80 ಲಕ್ಷ ಡಾಲರ್ ಪರಿಹಾರ ಒಪ್ಪಂದವಾಗಲು 2000ದವರೆಗೆ ಕಾಯಬೇಕಾಯಿತು. ಸತ್ತ ನೌಕರರ ಕುಟುಂಬಗಳೂ ಬದುಕುಳಿದ ಒತ್ತೆಯಾಳುಗಳೂ 2005ರವರೆಗೆ ಕಾದರು. ಜೈಲು ಮುಚ್ಚಲಿಲ್ಲ. 2011ರಲ್ಲಿ ಅಲ್ಲಿನ ಕಾವಲುಗಾರರು ಒಬ್ಬ ಕೈದಿಯನ್ನು ಕಾಲುಗಳು ಮುರಿಯುವಂತೆ ಬಡಿದರು. 2015ರಲ್ಲಿ ಮೂವರು ತಪ್ಪೊಪ್ಪಿಕೊಂಡು ಕೆಲಸ ಬಿಟ್ಟರು. ಅವರಲ್ಲಿ ಯಾರೂ ಜೈಲಿಗೆ ಹೋಗಲಿಲ್ಲ.

ಅಮೆರಿಕವನ್ನು ದೂರಿ ಮುಗಿಸುವುದು ಸುಲಭ. 2022ರ ಕೊನೆಗೆ ನಮ್ಮ ದೇಶದ ಜೈಲುಗಳಲ್ಲಿ 5.73 ಲಕ್ಷ ಮಂದಿ ಇದ್ದರು. ಅವರಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ತಪ್ಪು ಇನ್ನೂ ಸಾಬೀತಾಗಿರಲಿಲ್ಲ. ಆ ಮೂವರ ಪರವಾಗಿ ನಾವು ಗಟ್ಟಿಯಾಗಿ ಮಾತಾಡಬೇಕು. ಆದರೆ ನಾಲ್ಕನೆಯವನ ತಪ್ಪು ಸಾಬೀತಾಗಿದೆ. ಅವನ ಪರವಾಗಿ ಮಾತಾಡಲು ನಮಗೆ ಮುಜುಗರ. ಅವನ ತಾಯಿ ಭೇಟಿಯ ದಿನ ಬುತ್ತಿ ಹಿಡಿದು ಜೈಲಿನ ಬಾಗಿಲಲ್ಲಿ ಒಬ್ಬಳೇ ನಿಂತಿರುತ್ತಾಳೆ, ಕೇರಿಯವರು ಅವಳ ಮುಖ ನೋಡುವುದಿಲ್ಲ. ಅವನು ಶಿಕ್ಷೆ ಮುಗಿಸಿ ಬಂದಾಗ ಮಸೀದಿಯ ಸಫ್‌ನಲ್ಲಿ ಅವನ ಪಕ್ಕದ ಜಾಗ ಖಾಲಿಯಾಗಿಯೇ ಉಳಿಯುತ್ತದೆ.

ನಿರಪರಾಧಿಗಾಗಿ ನಾವು ನ್ಯಾಯ ಕೇಳುತ್ತಿರುವುದು ಅವನು ನಮ್ಮವನೆಂದೋ, ಅವನು ಮನುಷ್ಯನೆಂದೋ? ಈ ಪ್ರಶ್ನೆಗೆ ನಮ್ಮ ಉತ್ತರ ಗೊತ್ತಾಗುವುದು ನಾಲ್ಕನೆಯವನ ಜೊತೆ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದರಿಂದ.